ಮೊಳಕೈಯ ಅಳತೆ

ಇಂಗ್ಲಿಷಿನ ‘ಎಲ್ಬೋ’ ಎಂಬ ಪದ ಎಲ್ಲಿಂದ ಬಂತು ಅಂತ ನನಗೆ ಗೊತ್ತು ಎಂದರೆ ಗೆಳತಿಯರು ನಗುತ್ತಾರೆ. ನಗಲಿ. ಇಂಗ್ಲಿಷರ ನಾಡಿನಲ್ಲಿ, ಅಕ್ಸ್‌ಬ್ರಿಡ್ಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳಿಗೆ ಅಷ್ಟೂ ಗೊತ್ತಿರದಿದ್ದರೆ ಹೇಗೆ? ಹಳೆಯ ಜರ್ಮ್ಯಾನಿಕ್ ನುಡಿಗಳಲ್ಲಿ ಅದರ ಮೊದಲ ಪಾಲಿಗೆ ಮುಂಗೈ ಎಂದರ್ಥ, ಎರಡನೆಯದಕ್ಕೆ ಬಾಗು. ಮುಂಗೈ ಬಾಗುವ ಜಾಗ ಎಲ್ಬೋ. ಅದೇ ‘ಎಲ್’ ಬಟ್ಟೆ ಅಳೆಯುವ ಅಳತೆಗೂ ಹೆಸರಾಯಿತು. ನಮ್ಮ ಮೊಳ, ಮೊಳಕೈ ಇದ್ದ ಹಾಗೆಯೇ.

ಇದನ್ನೆಲ್ಲ ಹುಡುಕಿದ್ದು ಅತ್ತೆಯ ಕೈಯಿಂದಾಗಿ. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಮೈಸೂರಿನಿಂದ ಕಿಂಗ್ಸ್‌ಬರಿಯ ನಮ್ಮ ಮನೆಗೆ ಬಂದಿದ್ದ ಅವರು ಹಿಮಗಟ್ಟಿದ ಫುಟ್‌ಪಾತಿನಲ್ಲಿ ಜಾರಿ ಬಿದ್ದು ಬಲ ಮೊಳಕೈ ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದಾಗ ಕೈ ಅರ್ಧಕ್ಕೇ ಬಿಗಿದು ನಿಂತಿತ್ತು. ತುತ್ತು ಬಾಯಿಗೆ ಮುಟ್ಟುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣಲು ಅವರು ಸುತರಾಂ ಒಪ್ಪಲಿಲ್ಲ. ಚಮಚ ಹಿಡಿದರೂ ಎಡಗೈ ಎಡಗೈಯೇ. ಹಾಗಾಗಿ ನಾನೇ ತಿನ್ನಿಸುತ್ತಿದ್ದೆ. ನಾಲ್ಕು ತುತ್ತಿಗೆಲ್ಲ “ಸಾಕು ಕಣೇ” ಅನ್ನುತ್ತಿದ್ದರು. ಹಸಿವಿಲ್ಲದೆ ಅಲ್ಲ, ಸೊಸೆಯ ಮುಂದೆ ಬಾಯಿ ತೆರೆದು ಕೂರುವ ನಾಚಿಕೆಗೆ. ದಿನೇ ದಿನೇ ಇಳಿದುಹೋಗುತ್ತಿದ್ದರು.

ನೋಡಲು ಬಂದವರದು ಬೇರೆ ಕಾಟ. “ಅಲ್ಲಾಡಿಸ್ಬೇಡಿ ಅಮ್ಮ, ರೆಸ್ಟ್ ಕೊಡಿ” ಎಂದು ಎಣ್ಣೆ ಹಚ್ಚಿ, ಕೈಗೆ ಶಾಲು ಸುತ್ತಿ ಹೋಗುತ್ತಿದ್ದರು. ದಿನಾ ಮಡಚಲೇಬೇಕು, ಇಲ್ಲದಿದ್ದರೆ ಹೀಗೇ ಉಳಿದುಬಿಡುತ್ತದೆ ಎಂದು ಆಸ್ಪತ್ರೆಯ ಫಿಸಿಯೋ ಹುಡುಗಿ ಬಡಿದುಕೊಂಡಿದ್ದಳು. ಅತ್ತೆ ಕೇಳಬೇಕಲ್ಲ!

“ಹೋಗೇ, ಒದ್ದೆ ಬಟ್ಟೆ ಹಿಂಡೋ ಹಾಗೆ ಹಿಂಡ್ತಾಳೆ ಅವಳು.”

ಎಲ್ಬೋ ಎಂಬ ಪದದೊಳಗೆ ಅಳತೆ ಕೂತಿದೆ ಎಂದು ನಿಘಂಟಿನಲ್ಲಿ ಓದಿದ ದಿನವೇ ನನಗೆ ದಾರಿ ಹೊಳೆಯಿತು. ಅತ್ತೆಯ ಕೈಗೆ ವ್ಯಾಯಾಮ ಬೇಡವಾದರೆ ಬೇಡ, ಅಳೆಯುವ ಕೆಲಸ ಕೊಟ್ಟರೆ ಮಡಚದೆ ಬಿಡುತ್ತದೆಯೇ? ಯುಗಾದಿಯ ಪೂಜೆಗೆ ಇಲ್ಲಿನ ಕನ್ನಡದವರೆಲ್ಲ ಸೇರಿ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಮಂಟಪಕ್ಕೆ ಹೂವಿನ ಬದಲು ಹಾಕುವ ಉಲ್ಲನ್ ಹಾರಗಳನ್ನೆಲ್ಲ ನಮ್ಮ ಮನೆಯಲ್ಲೇ ಕಟ್ಟುತ್ತೇವೆ ಎಂದು ಒಪ್ಪಿಕೊಂಡೆ. ಅವತ್ತು ಸಂಜೆಯೇ ಅತ್ತೆಯೆದುರು ಕೂತು ಉಲ್ಲನ್ ಬಿಚ್ಚಿ, ಬೇಕೆಂದೇ ಟೇಪು ಹಿಡಿದೆ.

“ಟೇಪಾ? ದೇವರಿಗೇನು ಪ್ಯಾಂಟು ಹೊಲೀತಿದೀಯಾ? ಮೊಳ ಹಾಕಿ ಅಳೆ.”

“ನನಗೆಲ್ಲಿ ಬರುತ್ತೆ ಅತ್ತೆ? ನೀವೇ ಅಳೀರಿ. ಬಲಗೈ ಆಗ್ದಿದ್ರೆ ಎಡಗೈಲಿ.”

“ದೇವರದ್ದನ್ನ ಎಡಗೈಲಾ? ಬುದ್ಧಿ ನೆಟ್ಟಗಿದೆಯಾ ನಿಂಗೆ?”

ದಾರ ಕಿತ್ತುಕೊಂಡರು. ನಡುಬೆರಳಿನ ತುದಿಯಿಂದ ಮೊಳಕೈಯ ಮೂಳೆಯ ತನಕ ಒಂದು ಮೊಳ. ಕೈ ಮಡಚದೆ ಆ ಮೂಳೆ ಸರಿಯಾಗಿ ಎದ್ದು ನಿಲ್ಲುವುದಿಲ್ಲ. ಅತ್ತೆ ಮಡಚಿದರು. “ಅಯ್ಯಪ್ಪಾ!” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನಾನು ಮುಂದಿನ ಎಳೆ ಬಿಚ್ಚಿ ಅವರ ಕೈಗಿಟ್ಟೆ. ಆಮೇಲೆ ದಿನಾ ಸಂಜೆ ಅದೇ ಕೆಲಸ. ನನ್ನ ಗಂಟು ಸಡಿಲ, ಅಳತೆ ಗಿಡ್ಡ ಎಂದು ಬೈಯುತ್ತ ಬೈಯುತ್ತ ಅಳೆದರು. ಶಾಲು ಸುತ್ತಲು ಬಂದ ಹೆಂಗಸರಿಗೆ ನಾನು ಚಹಾ ಕೊಟ್ಟು, ಹಾಗೇ ಬಾಗಿಲು ತೋರಿಸಿದೆ.

ಯುಗಾದಿಯ ಮಧ್ಯಾಹ್ನ ಪೂಜೆ ಮುಗಿಸಿ ಮನೆಗೆ ಬಂದೆವು. ತಟ್ಟೆ ಹಿಡಿದು ಎಂದಿನಂತೆ ಅವರ ಪಕ್ಕ ಕೂತೆ. ಅತ್ತೆ ತಟ್ಟೆ ತಮ್ಮೆಡೆಗೆ ಎಳೆದುಕೊಂಡು ಮೊಸರನ್ನ ತಾವೇ ಕಲಸಿದರು. ತುತ್ತು ಮೇಲೆ ಬಂತು. ಬಾಯಿಗೆ ಸ್ವಲ್ಪ ದೂರವಿರುವಾಗ ನಿಂತುಬಿಟ್ಟಿತು.

ಅತ್ತೆ ಕೈಯನ್ನು ನನ್ನ ಕಡೆ ತಿರುಗಿಸಿದರು.

“ನಿನ್ನ ಬಾಯಿ ಹತ್ರ ಇದೆ. ಮೊದಲು ನೀನು ತಿನ್ನು.”

ತಿಂದೆ. ಅಳು ಬಂದು ರುಚಿಯೇ ತಿಳಿಯಲಿಲ್ಲ. ಅವರು ಇನ್ನೊಂದು ತುತ್ತು ಕಟ್ಟಿ, ಎಷ್ಟು ಏರುತ್ತದೋ ಅಷ್ಟು ಏರಿಸಿ, ಉಳಿದಷ್ಟಕ್ಕೆ ತಲೆ ತಗ್ಗಿಸಿ ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದು ನುಂಗಿದರು.

“ಇನ್ನು ಏಳು,” ಎಂದರು. “ಹೋಗಿ ನಿನ್ನ ತಟ್ಟೆ ಹಾಕ್ಕೊಂಡು ಬಾ.”