ಗೌರಿಯನ್ನು ಲಂಡನ್ನಿಗೆ ಮುಟ್ಟಿಸಿದ ಮೂಗಯ್ಯ

ಪುಣಜನೂರಿನ ಮೂಗಯ್ಯ ಅರಣ್ಯ ಇಲಾಖೆಯಲ್ಲಿ ಮಾವುತನಾಗಿದ್ದ. ತಾಯಿ ಸತ್ತು ಕಾಡಿನಲ್ಲಿ ಒಂಟಿಯಾಗಿ ಸಿಕ್ಕ ಆನೆಮರಿಯೊಂದನ್ನು ಅವನೇ ಅಂಬಲಿ ಕುಡಿಸಿ ಉಳಿಸಿಕೊಂಡು, ಗೌರಿ ಎಂದು ಹೆಸರಿಟ್ಟಿದ್ದ. ೧೯೫೬ರಲ್ಲಿ ಅದನ್ನು ಲಂಡನ್ ಹತ್ತಿರದ ಮೃಗಾಲಯವೊಂದಕ್ಕೆ ವಿಮಾನದಲ್ಲಿ ಕಳಿಸುವುದೆಂದಾಯಿತು. ಬೇರೆಯವರು ಕೊಟ್ಟರೆ ಗೌರಿ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಮೂಗಯ್ಯನೂ ಹೊರಡಬೇಕಾಯಿತು. ಜೊತೆಗೆ ಇಂಗ್ಲಿಷ್ ಬಲ್ಲ ಗುಮಾಸ್ತ ಗೋವಿಂದಯ್ಯ.

"ಬೊಂಬಾಯಿಂದ ಲಂಡನ್ನಿಗೆ ನಾಲ್ಕೂವರೆ ಸಾವಿರ ಮೈಲಿ ಕಣಯ್ಯ," ಎಂದರು ಗೋವಿಂದಯ್ಯ.

"ಮೈಲಿ ತಕಂಡು ನಾನೇನ್ ಮಾಡ್ಲಿ ಸ್ವಾಮಿ? ಎಷ್ಟ್ ಒತ್ತು ಆಯ್ತದ ಏಳಿ. ಮರಿಗ ಉಣ್ಣಕ ಕಟ್ಕಬೇಕಲ್ಲ."

"ಅಲ್ಲಲ್ಲಿ ಇಳಿದು ಪೆಟ್ರೋಲ್ ತುಂಬಿಸಿಕೊಂಡು ಒಂದೂವರೆ ದಿನ."

ಮೂಗಯ್ಯ ಅಷ್ಟಕ್ಕೆ ಸಾಲುವಷ್ಟು ಅಕ್ಕಿ, ಹಾಲಿನ ಪುಡಿ, ಬೆಲ್ಲ, ಕಬ್ಬು ಕಟ್ಟಿಸಿದ. ಹೆಂಡತಿ ಮಲ್ಲಾಜಮ್ಮ ಗಂಡನಿಗೆಂದು ಒಂದು ಚೀಲ ರಾಗಿಹಿಟ್ಟು ಬೇರೆಯಾಗಿ ಕೊಟ್ಟಳು. "ಆ ಸೀಮೇಲಿ ನಿಮ್ಗ ಯಾರು ಇಟ್ಟು ಇಕ್ಕಾರು?"

ಬೊಂಬಾಯಿಯಲ್ಲಿ ಸರಕು ಸಾಗಿಸುವ ವಿಮಾನ ಮೇಲೇಳುತ್ತಲೇ ಗೌರಿ ಗಡಗಡ ನಡುಗಿತು. ಮೂಗಯ್ಯ ಅದರ ಬಾಯೊಳಗೆ ಕೈಯಿಟ್ಟ. ಮರಿ ಅವನ ಬೆರಳು ಚೀಪುತ್ತಾ ತಣ್ಣಗಾಯಿತು. ಕೈ ತೆಗೆದರೆ ಮತ್ತೆ ನಡುಕ. ಎಡಗೈ ಸೋತರೆ ಬಲಗೈ ಕೊಡುತ್ತಾ ಅವನು ಹಾಗೆಯೇ ಕೂತ.

ದಾರಿಯಲ್ಲಿ ಮರಳುಗಾಡಿನ ಊರೊಂದರಲ್ಲಿ ಇಳಿದಾಗ ಧೂಳಿನ ಬಿರುಗಾಳಿ ಎದ್ದು, ವಿಮಾನ ಎರಡು ದಿನ ಅಲ್ಲೇ ನಿಂತುಬಿಟ್ಟಿತು. ಮರಿಗೆಂದು ತಂದದ್ದೆಲ್ಲ ತೀರಿತು. ಸುತ್ತ ಕಣ್ಣು ಹಾಯಿಸಿದರೂ ಒಂದು ಹಸಿರೆಲೆ ಇಲ್ಲ. ಹಸಿದ ಗೌರಿ ಸೊಂಡಿಲಿನಿಂದ ಅವನ ಅಂಗಿಯನ್ನೆಲ್ಲ ತಡಕಾಡಿತು. ಮೂಗಯ್ಯ ತನ್ನ ರಾಗಿಹಿಟ್ಟಿನ ಚೀಲ ಹೊತ್ತು ವಿಮಾನ ನಿಲ್ದಾಣದ ಅಡುಗೆಮನೆಗೆ ನಡೆದ. ಅಲ್ಲಿದ್ದ ಅಡುಗೆಯವನು ಮಲಬಾರಿನವನು. ಗುಂಡ್ಲುಪೇಟೆ ಸಂತೆಯಲ್ಲಿ ಕಲಿತ ಅರೆಬರೆ ಮಲಯಾಳ ಆಗ ಕೈಹಿಡಿಯಿತು. ಅಡುಗೆಯವನು ನಗುತ್ತಲೇ ದೊಡ್ಡ ಹಂಡೆ ಒಲೆಗೇರಿಸಿದ. ಇಬ್ಬರೂ ಸೇರಿ ಕಾಯಿಸಿದ ಅಂಬಲಿಯನ್ನು ಗೌರಿ ಸೊರಸೊರ ಹೀರಿತು. ಮೂಗಯ್ಯ ಆ ಎರಡು ದಿನ ಅಡುಗೆಯವನ ಮೀನುಸಾರು ಉಂಡು ಹೊಟ್ಟೆ ತುಂಬಿಸಿಕೊಂಡ. ಊಟ ಸೊಗಸಾಗಿತ್ತು ಎಂದು ಆಮೇಲೂ ಹೇಳುತ್ತಿದ್ದ.

ಗಾಳಿ ತಗ್ಗಿತು. ಗೌರಿ ಸುಖವಾಗಿ ಲಂಡನ್ ಮುಟ್ಟಿತು. ಮೂಗಯ್ಯ ಒಂದು ತಿಂಗಳು ಅಲ್ಲೇ ಇದ್ದು, ಅಲ್ಲಿನ ಮಾವುತನ ಕೈಯಿಂದ ಅದು ತಿನ್ನಲು ಕಲಿತ ಮೇಲೆ ಹೊರಟ. ವಿಮಾನ ಹತ್ತುವಾಗ ಕಣ್ಣು ತುಂಬಿತು. ಆದರೆ ಬಿಟ್ಟು ಬರುವ ದಿನ ಮರಿ ಹೊಸಬನ ಹಿಂದೆಯೇ ಓಡಾಡುತ್ತಿದ್ದುದನ್ನು ನೆನೆದು ಸಮಾಧಾನವಾಯಿತು.

ಊರಿಗೆ ಬಂದಾಗ ಮಲ್ಲಾಜಮ್ಮ ಕೇಳಿದಳು, "ಬಲೇ ದೂರವಾ?"

"ಓಗುವಾಗ ಮರಿ ನೋಡ್ಕತಿದ್ದೆ, ದಾರಿ ಸವ್ದದ್ದೇ ಗೊತ್ತಾಗ್ನಿಲ್ಲ. ಬರುವಾಗ ಬಿರ್‍ರನೆ ಬಂತು ಇಮಾನ. ಆದ್ರ ಸುಮ್ಕ ಕೂತಿದ್ನಲ್ಲ, ಮುಗೀನೇ ಇಲ್ಲ ಕಣಮ್ಮಿ."

"ಸರಿ, ಕೈಕಾಲ್ ತೊಳ್ಕ ಬನ್ನಿ," ಎಂದು ಅವಳು ಒಲೆ ಮುಂದೆ ಮಣೆ ಹಾಕಿದಳು.