ಕಸಬರಿಗೆ ಹಿಡಿದು ಬಂದ ಅಜ್ಜಿ

ಮೊನ್ನೆ ನಮ್ಮ ಖಾನಾವಳಿಗೆ ರೊಟ್ಟಿ ಮಾಡುವ ಮಷೀನು ಬಂತು. ಹಿಟ್ಟಿನುಂಡೆ ಇಟ್ಟು ಒತ್ತಿದರೆ ಸಾಕು, ಸದ್ದಿಲ್ಲದೆ ರೊಟ್ಟಿ ಸಿದ್ಧ. ಹಂಚಿನ ಮೇಲೆ ಅದು ಉಬ್ಬಿ, ಸುಟ್ಟ ಜೋಳದ ವಾಸನೆ ಬಂದಾಗ ನನಗೆ ನೆನಪಾದವಳು ಓನರಜ್ಜಿ...

ಕೊಪ್ಪಳದ ಕಡೆಯಿಂದ ನಾವು ಟಿ. ದಾಸರಹಳ್ಳಿಗೆ ಬಂದಾಗ ನಾನಿನ್ನೂ ಎರಡನೇ ಕ್ಲಾಸು. ಅಪ್ಪನಿಗೆ ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಕೆಲಸ. ಅದೊಂದರಿಂದ ಸಂಸಾರ ಸಾಗುವಂತಿರಲಿಲ್ಲ. ಅವ್ವ ನಮ್ಮ ಕಡೆಯ ಕಾರ್ಮಿಕರಿಗೆ ಬುತ್ತಿ ಕಟ್ಟಿಕೊಡಲು ಶುರು ಮಾಡಿದಳು. ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಪಕ್ಕದಲ್ಲೇ ಓನರಜ್ಜಿ. ಆ ಊರಿನ ಹಳೇ ಒಕ್ಕಲು, ಮುದ್ದೆ ಬಿಟ್ಟು ಬೇರೆ ಊಟ ಕಂಡವಳಲ್ಲ.

ಮೊದಲ ದಿನ ಬೆಳಕು ಹರಿಯುವ ಹೊತ್ತಿಗೆ ಅವ್ವ ಪಟಪಟ ರೊಟ್ಟಿ ಬಡಿಯುತ್ತಿದ್ದಳು. ಧಡಾರನೆ ಬಾಗಿಲು ತೆರೆಯಿತು. ನೋಡಿದರೆ, ಕಸಬರಿಗೆ ಎತ್ತಿ ಹಿಡಿದ ಓನರಜ್ಜಿ!

"ಎಂಗ್ಸಿನ ಮ್ಯಾಲೆ ಕೈ ಮಾಡ್ತೀಯೇನ್ಲಾ? ಅದೂ ನನ್ ಮನೇಲಿ?"

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಪ್ಪ ಹೌಹಾರಿದ. ಪಾಪ, ಅವನು ಅವ್ವನಿಗೆ ಎದುರು ಮಾತಾಡಿದ್ದನ್ನೂ ನಾನು ಕಂಡಿಲ್ಲ.

"ಅಯ್ಯ, ಅವ್ರು ಹೊಡ್ಯಾಕತ್ತಿಲ್ರಿ ಅಜ್ಜಿ, ನಾ ರೊಟ್ಟಿ ಬಡ್ಯಾಕತ್ತೀನ್ರಿ," ಎಂದು ಅವ್ವ ಹಿಟ್ಟಿನ ಕೈ ತೋರಿಸಿದಳು.

ಅಜ್ಜಿ ಕಸಬರಿಗೆ ಕೆಳಗಿಟ್ಟಳು. ತನ್ನ ಮನೆಯಿಂದ ಸೊಪ್ಪಿನ ಸಾರು ತಂದು, ಅವ್ವ ಕೊಟ್ಟ ಬಿಸಿ ರೊಟ್ಟಿಯನ್ನು ಅದರಲ್ಲಿ ಅದ್ದಿ, ಮುದ್ದೆಯ ಹಾಗೆ ಅಗಿಯದೆ ನುಂಗಲು ಹೋಗಿ ಕೆಮ್ಮಿ ಕಣ್ಣೀರು ಸುರಿಸಿದಳು. ಅಪ್ಪನಿಗೆ ಆಗ ನಗು ಬಂತು.

ಆದರೆ ಮೇಲಿನ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವರಿದ್ದರು. ಈ ಸದ್ದಿನಲ್ಲಿ ಕಣ್ಣು ಮುಚ್ಚಲಾಗುವುದಿಲ್ಲ, ಇವರಿಂದ ಮನೆ ಬಿಡಿಸಿ ಎಂದು ಅಜ್ಜಿಯ ಹತ್ತಿರ ಪಟ್ಟು ಹಿಡಿದರು. ಅವರದ್ದೂ ತಪ್ಪಲ್ಲ. ರೊಟ್ಟಿ ಬಡಿದರೆ ಮನೆ ಹೋಗುತ್ತಿತ್ತು, ಬಿಟ್ಟರೆ ಹೊಟ್ಟೆಪಾಡು. ಅವ್ವ ಅಳುತ್ತ ಗಂಟುಮೂಟೆ ಕಟ್ಟಲು ಕೂತಳು...

ಅಜ್ಜಿ ಹಿತ್ತಲಿನ ಕೊಟ್ಟಿಗೆಯ ಬೀಗ ತೆಗೆದಳು. ದನಗಳನ್ನು ಮಾರಿದ ಮೇಲೂ ಅವಳು ದಿನಾ ಗುಡಿಸಿ ದೀಪ ಹಚ್ಚುತ್ತಿದ್ದ ಜಾಗ ಅದು. ಅದನ್ನು ಕೆಡವಿ ಬಾಡಿಗೆ ಮನೆ ಕಟ್ಟಲು ಕಾದಿದ್ದ ಮಗ ಸಿಡುಕಿದ.

"ದನ ಇದ್ದಾಗ ಆಲು ಕೊಟ್ವು ಕಣ್ಲಾ. ಈಗ ಈ ಎಣ್ಣು ನಾಕ್ ಜನುಕ್ಕೆ ಊಟ ಕೊಡ್ಲಿ ಬುಡು," ಎಂದು ಅಜ್ಜಿ ಅವನ ಬಾಯಿ ಮುಚ್ಚಿಸಿದಳು. ಅವ್ವನತ್ತ ತಿರುಗಿ, "ಎಷ್ಟ್ ಜೋರಾಗ್ ಬೇಕೋ ಅಷ್ಟ್ ಬಡ್ಕೋ ಓಗವ್ವ" ಎಂದಳು.

ಆ ಕೊಟ್ಟಿಗೆಯಲ್ಲೇ ನಾವು ತಲೆಯೆತ್ತಿದೆವು. ಅಪ್ಪ ಶೆಡ್ಡಿನಿಂದ ಶೆಡ್ಡಿಗೆ ಸೈಕಲ್ ತುಳಿದು ಬುತ್ತಿ ಮುಟ್ಟಿಸಿದ. ಅವ್ವನ ರೊಟ್ಟಿ ನನ್ನನ್ನು ಡಿಪ್ಲೊಮಾ ಓದಿಸಿತು. ಕೊನೆಗೆ ಚಿಕ್ಕಬಾಣಾವರದಲ್ಲಿ ಸ್ವಂತ ಖಾನಾವಳಿಯೂ ಆಯಿತು. ಕೊಟ್ಟಿಗೆಯಲ್ಲಿ ಇದ್ದಷ್ಟು ಕಾಲವೂ ದಿನದ ಮೊದಲ ರೊಟ್ಟಿ ಅಜ್ಜಿಯದು. ಎಣ್ಣೆಗಾಯಿ ಕೊಟ್ಟರೂ ಬೇಡ, ಸಾರೇ ಬೇಕು. ರೊಟ್ಟಿಗೆ ಇದೆಂಥ ಗತಿ ಎಂದು ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅಜ್ಜಿ ಈಗಿಲ್ಲ. ಕೊಟ್ಟಿಗೆಯ ಜಾಗದಲ್ಲಿ ನಾಲ್ಕಂತಸ್ತಿನ ಮನೆ ಎದ್ದಿದೆ. ನಾವು ಈ ಊರಿನವರಾದದ್ದು ಅವಳಿಂದ.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಪಟಪಟ ಸದ್ದು. ಮಷೀನು ಬಿಟ್ಟು ಅವ್ವ ಒಂದೇ ಒಂದು ರೊಟ್ಟಿ ಬಡಿಯುತ್ತಿದ್ದಳು, ಬೇಕೆಂದೇ ಜೋರಾಗಿ.

"ಮಷೀನ್ ಐತಲ್ಲವ್ವ, ಮತ್ಯಾಕ?" ಎಂದೆ.

"ಕಸಬರಿಗಿ ಹಿಡ್ಕೊಂಡು ಬರ್ತಾಳೇನೋ ಅಂತ..."

ಇಬ್ಬರೂ ನಕ್ಕೆವು. ನಕ್ಕು, ಇಬ್ಬರೂ ಬಾಗಿಲ ಕಡೆ ನೋಡಿದೆವು. ಅವ್ವ ಆ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, ಮೇಲೆ ಸಾರು ಬಡಿಸಿದಳು.