ಖಾಲಿ ಕೊಡಬಾರದ ತಂಬಿಗೆ

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಕತ್ತರಿ ಹಾಕಿದರೆ ಗಿಡಕ್ಕೆ ನೋವಾಗುತ್ತದೆಂದು ಚಿಗುರನ್ನು ಉಗುರಿನಲ್ಲೇ ಚಿವುಟುತ್ತಿದ್ದಳು. ಅದೇ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಅದೇ ಕೈಯಲ್ಲಿ ನನ್ನ ಜಡೆ ಹಾಕುತ್ತಿದ್ದಳು. ರಕ್ತಸಂಬಂಧ ಏನೂ ಇಲ್ಲ. ನಿಂಬರ್ಗಾದಲ್ಲಿ ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದು ಗೋಡೆ, ಅಷ್ಟೇ.

ಆಕೆಯ ಮಗಳು ನನ್ನ ಓರಗೆಯವಳು. ಗೊಬ್ಬೂರಿನ ಸೋದರತ್ತೆಯ ಮನೆಯಿಂದ ಮಲ್ಲಿಗೆ ಕಡ್ಡಿ ತಂದು ಹಿತ್ತಲಲ್ಲಿ ನೆಟ್ಟಳು. ಅದು ಹೂ ಬಿಡುವ ಮೊದಲೇ ಕಾಮಾಲೆಯಾಗಿ ಹೋಗಿಬಿಟ್ಟಳು. ದೊಡ್ಡಪ್ಪನೂ ತೀರಿಕೊಂಡ ಮೇಲೆ ದೊಡ್ಡವ್ವನಿಗೆ ಆ ಬಳ್ಳಿಯೇ ಮಗಳಾಯಿತು. ಸಂಜೆಯಾದರೆ ಹಿತ್ತಲಿಂದ ಮಾತು ಕೇಳಿಸುತ್ತಿತ್ತು: "ಉಂಡೀಯೇನ ಬೇ? ಇವತ್ತ ಬಿಸಲ ಭಾಳ ಇತ್ತಲ್ಲ?" ನನಗೋ, ಎಲ್ಲಿ ಯಾರಾದರೂ ಉತ್ತರ ಕೊಟ್ಟುಬಿಡುತ್ತಾರೋ ಎಂಬ ಹೆದರಿಕೆ.

ನಮ್ಮ ಕಡೆ ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ಚಿಟಿಕೆ ಸಕ್ಕರೆ, ಹಿಡಿ ಜೋಳ, ಏನೂ ಇಲ್ಲದಿದ್ದರೆ ಗುಟುಕು ನೀರಾದರೂ ಅದರಲ್ಲಿರಬೇಕು. ದೊಡ್ಡವ್ವ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. "ಖಾಲಿ ತಂದ್ರ ನನ್ನ ಮನಿ ಖಾಲಿ ಆಗ್ತದ," ಎಂದು ಬಾಗಿಲಿಂದಲೇ ತಿರುಗಿಸಿ ಕಳಿಸುತ್ತಿದ್ದಳು. ಅಷ್ಟು ಖಾಲಿಯಾದ ಮನೆಯಲ್ಲಿ ನಿಂತು ಆಕೆ ಹಾಗೆನ್ನುವಾಗ ಯಾರೂ ಎದುರಾಡುತ್ತಿರಲಿಲ್ಲ.

ಒಂದು ಚಳಿಗಾಲ ಎದುರು ಮನೆಯ ಕಾಕಾ ಆಕೆಯ ಗಿಡಗಳಿಗೆ ಔಷಧಿ ಹೊಡೆಯುವ ಪಂಪು ಒಯ್ದು, ಜೋಳದ ಹೊಲಕ್ಕೆ ಕಳೆ ಸಾಯಿಸುವ ಎಣ್ಣೆ ಹೊಡೆದ. ಮರಳಿ ತಂದ ಪಂಪಿನ ತಳದಲ್ಲಿ ನೀರಿತ್ತು. ದೊಡ್ಡವ್ವ ಅದರ ಮೇಲೆಯೇ ಬೇವಿನ ಕಷಾಯ ಸುರಿದು, ಎಲೆಹೇನು ಹತ್ತಿದ್ದ ಬದನೆ, ದಾಸವಾಳ, ಮಲ್ಲಿಗೆ ಎಲ್ಲಕ್ಕೂ ಹೊಡೆದಳು. ಕೆಲವೇ ದಿನಗಳಲ್ಲಿ ಚಿಗುರುಗಳೆಲ್ಲ ಸೆಳೆತ ಬಂದ ಬೆರಳಿನಂತೆ ಒಳಕ್ಕೆ ಮುರುಟಿಕೊಂಡವು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಪಂಪಿನ ಮುಚ್ಚಳ ತೆಗೆದು ಮೂಸಿದವಳೇ, ಊರ ಸಾಲಿಯಲ್ಲಿ ಪಾಠ ಹೇಳುವ ಮೇಡಂ ಎಂಬ ಮರ್ಯಾದೆಯನ್ನೂ ಮರೆತು, ಓಣಿಗೆಲ್ಲ ಕೇಳುವಂತೆ ಕಾಕಾನನ್ನು ಬೈದೆ. ಆತ ದೊಡ್ಡವ್ವನ ಕಡೆ ತಿರುಗಿದ.

"ತೊಳದೇನ್ರಿ ವೈನಿ. ತೊಳದ ನೀರೇ ಚೂರು ಒಳಗ ಬಿಟ್ಟಿದ್ದೆ. ನಿಮ್ಮ ಮನಿ ಸಾಮಾನು ಖಾಲಿ ಹೆಂಗ ಕೊಡ್ಲಿ?"

"ಅವಂಗ್ಯಾಕ ಬೈತಿ ಬೇ? ನಾನಾ ಕಲಿಸಿದ್ದು," ಎಂದು ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡಳು.

ಕಾಕಾ ತಲೆ ತಗ್ಗಿಸಿಕೊಂಡೇ ಗಿಡ ತೊಳೆಯಲು ಕೊಡಗಟ್ಟಲೆ ನೀರು ಹೊತ್ತು ತಂದ. ಬದನೆಯನ್ನು ಕಿತ್ತು, ಆಡಿಗೂ ಹಾಕದೆ ಹೂಳಿದೆವು. ದಾಸವಾಳವನ್ನು ಬುಡದ ತನಕ ಕಡಿದೆವು. ಮಲ್ಲಿಗೆಯನ್ನು ಮಾತ್ರ ಯಾರಿಗೂ ಮುಟ್ಟಗೊಡದೆ, ದೊಡ್ಡವ್ವ ಒದ್ದೆ ಬಟ್ಟೆಯಿಂದ ಎಲೆ ಎಲೆ ಒರೆಸಿದಳು. "ಅಕೀಗಿ ಜ್ವರ ಏರಿದಾಗ ಹಿಂಗಾ ಒರಸ್ತಿದ್ದೆ," ಎಂದಳು. ಆದರೂ ಮುರುಟು ದಿನದಿನಕ್ಕೆ ಬುಡದತ್ತ ಇಳಿಯಿತು. ಬುಡವಾದರೂ ಉಳಿಯಬೇಕೆಂದರೆ ಬಳ್ಳಿಯನ್ನು ಕೊಯ್ದು ಮೋಟು ಮಾಡಲೇಬೇಕಿತ್ತು. ಆಕೆ ಕುಡುಗೋಲನ್ನು ನನ್ನ ಕೈಗಿಟ್ಟಳು.

"ನೀ ಕೊಯ್ಯಿ ಬೇ. ಅಕೀನ್ನ ಎರಡನೇ ಸಲ ಕಳಸೋದು ನನ್ನ ಕೈಲಿಂದ ಆಗಂಗಿಲ್ಲ."

ಕೊಯ್ದೆ. ಆಗ ಬೆನ್ನ ಹಿಂದಿನಿಂದ ಆಕೆ ಮಗಳ ಹೆಸರು ಹಿಡಿದು ನನ್ನನ್ನು ಕರೆದಳು: "ಸಾಕು, ಬಾ ಒಳಗ. ಕೈ ತೊಳ್ಕೊ."

ತಿದ್ದುವ ಧೈರ್ಯ ನನಗಾಗಲಿಲ್ಲ. "ಬಂದೆ ಯವ್ವಾ," ಎಂದೆ. ಆಮೇಲೆ ಆಕೆ ನನ್ನನ್ನು ಬೇರೆ ಹೆಸರಿನಿಂದ ಕರೆಯಲೇ ಇಲ್ಲ. ಹಿತ್ತಲಿನ ಮಾತು ನಿಂತುಹೋಯಿತು.

ಬೇಸಿಗೆಗೆ ಮೋಟಿನಿಂದ ಚಿಗುರು ಬಂತು. ಮೊದಲಿನ ಎಲೆಗಳು ಸೊಟ್ಟ, ಆಮೇಲಿನವು ನೆಟ್ಟಗೆ. ನನಗೆ ಅಫಜಲಪುರಕ್ಕೆ ವರ್ಗವಾದಾಗ ದೊಡ್ಡವ್ವ ಅದರದೇ ಬೇರು ಬಿಟ್ಟ ಕಡ್ಡಿಯೊಂದನ್ನು ಹಿತ್ತಾಳೆ ತಂಬಿಗೆಯ ನೀರಿನಲ್ಲಿಟ್ಟು ಕೊಟ್ಟಳು. "ಕಡ್ಡಿ ನಿಂದು. ತಂಬಗಿ ನನಗ ತಿರುಗಿ ಬೇಕು. ಖಾಲಿ ತರಬ್ಯಾಡ ಮತ್ತ!"

ಕಡ್ಡಿಯನ್ನು ಹೊಸ ಮನೆಯ ಹಿತ್ತಲಲ್ಲಿ ನೆಟ್ಟು, ತಂಬಿಗೆ ತುಂಬ ಹೂ ತುಂಬಿಕೊಂಡೇ ಹೋಗೋಣವೆಂದು ಕಾದೆ. ಮೊದಲ ಮೊಗ್ಗು ಮೂಡಿದಾಗಲೇ ಕಾಕಾನ ಫೋನ್ ಬಂತು: "ವೈನಿ ಹೋದ್ರವ್ವ." ಆ ಮೊಗ್ಗನ್ನೇ ಚಿವುಟಿಕೊಂಡು ಓಡಿದೆ. ಆಕೆಯ ಕೈಯಲ್ಲಿ ಇಡುವಾಗ ನೋಡಿದೆ, ಉಗುರು ಹಸಿರಾಗಿಯೇ ಇತ್ತು. ತಂಬಿಗೆ ಒಯ್ಯುವುದು ನೆನಪಾಗಲಿಲ್ಲ.

ಅದೀಗ ನನ್ನ ಅಡುಗೆಮನೆಯ ಕಿಟಕಿಯಲ್ಲಿದೆ. ಸಂಜೆ ಮಲ್ಲಿಗೆ ಅರಳುವ ಹೊತ್ತಿಗೆ ಹಿತ್ತಲಿಂದ ಯಾರೋ ಆ ಹುಡುಗಿಯ ಹೆಸರು ಹಿಡಿದು ಕೂಗುತ್ತಾರೆ. "ಬಂದೆ ಯವ್ವಾ," ಎನ್ನುತ್ತೇನೆ. ನಿಂಬರ್ಗಾದ ಆ ಬಾಗಿಲಿಗೆ ಬೀಗ ಬಿದ್ದಿದೆ. ಮರಳಿ ಕೊಡೋಣವೆಂದರೆ ಇಸಿದುಕೊಳ್ಳುವವರಿಲ್ಲ. ಆದರೂ ತಂಬಿಗೆಯನ್ನು ನಾನು ಒಂದು ದಿನವೂ ಖಾಲಿ ಇಟ್ಟಿಲ್ಲ.